ಕೈಯಿಂದ ಓಡಿಸಿದರೆ ಓಡುವ ಸ್ಕ್ರಿಪ್ಟ್, ಸರ್ವಿಸ್ ಮಾಡಿದ ಕೂಡಲೇ ಸಾಯುವುದೇಕೆ?

ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಲಿನಕ್ಸ್‌ನಲ್ಲಿ ವರ್ಷಗಟ್ಟಲೆ ಆರ್‌ಸಿ.ಲೋಕಲ್‌ನಲ್ಲಿ (ಬೂಟ್ ಆಗುವಾಗ ಓಡುವ ಹಳೆಯ ಫೈಲ್) ಇದ್ದ ಸ್ಕ್ರಿಪ್ಟನ್ನು ಸಿಸ್ಟಮ್‌ಡಿ (ಬೂಟ್ ಆಗುವಾಗ ಸರ್ವಿಸ್‌ಗಳನ್ನು ಎಬ್ಬಿಸಿ ನೋಡಿಕೊಳ್ಳುವ ವ್ಯವಸ್ಥೆ) ಸರ್ವಿಸ್ ಮಾಡಿದ್ದೀರಿ. ಟರ್ಮಿನಲ್‌ನಲ್ಲಿ ಸರಿಯಾಗಿ ಓಡುತ್ತದೆ. ಬೂಟ್ ಆದ ಮೇಲೆ ನೋಡಿದರೆ ‘ಇನ್‌ಆಕ್ಟಿವ್, ಡೆಡ್’. ಎರರ್ ಒಂದೂ ಇಲ್ಲ. ‘ರೀಸ್ಟಾರ್ಟ್=ಆನ್-ಫೇಲ್ಯೂರ್’ ಹಾಕಿದ್ದರೂ ಮತ್ತೆ ಏಳುತ್ತಿಲ್ಲ.

ನೀವು ಹಾಕಿರುವ ಸ್ಕ್ರಿಪ್ಟಿನ ಕೊನೆಯ ಸಾಲು ನೋಡಿ. ತುದಿಯಲ್ಲಿ ಒಂದು & ಇದೆಯಲ್ಲ, ಎಲ್ಲ ಅದರದ್ದೇ ಕಿತಾಪತಿ.

ಆರ್‌ಸಿ.ಲೋಕಲ್ ಕಾಲದಲ್ಲಿ ಆ & ಇಲ್ಲದೆ ಆಗುತ್ತಿರಲಿಲ್ಲ. ಪ್ರೋಗ್ರಾಂ ಮುಗಿಯುವವರೆಗೆ ಆ ಫೈಲ್ ಅಲ್ಲೇ ಕಾದು ನಿಲ್ಲುತ್ತಿತ್ತು. ಹಾಗಾಗಿ ಹಿನ್ನೆಲೆಗೆ ತಳ್ಳಿ ಮುಂದೆ ಹೋಗುವುದು ನಮಗೆಲ್ಲ ರೂಢಿಯಾಯಿತು. ಆಮೇಲೆ ಆ ಪ್ರೋಗ್ರಾಂ ಬದುಕಿದೆಯೋ ಸತ್ತಿದೆಯೋ ಕೇಳುವವರಿರಲಿಲ್ಲ.

ಸಿಸ್ಟಮ್‌ಡಿ ಕೇಳುತ್ತದೆ. ‘ಟೈಪ್=ಸಿಂಪಲ್’ ಇದ್ದರೆ, ‘ಎಕ್ಸೆಕ್‌ಸ್ಟಾರ್ಟ್’ನಿಂದ ಶುರುವಾದ ಪ್ರೋಸೆಸ್ಸೇ ಅದರ ಪಾಲಿಗೆ ಸರ್ವಿಸ್. ನಿಮ್ಮಲ್ಲಿ ಅದು ಶೆಲ್, ಅಂದರೆ ಸ್ಕ್ರಿಪ್ಟಿನ ಸಾಲುಗಳನ್ನು ಓದಿ ನಡೆಸುವ ಪ್ರೋಗ್ರಾಂ. ಶೆಲ್ ನಿಮ್ಮ ಪ್ರೋಗ್ರಾಮನ್ನು ಹಿನ್ನೆಲೆಗೆ ಬಿಟ್ಟು ಕಣ್ಣು ಮಿಟುಕಿಸುವಷ್ಟರಲ್ಲಿ 0 ಕೋಡ್ ಕೊಟ್ಟು ಹೊರಟುಹೋಯಿತು. ಕೆಲಸ ಮುಗಿಯಿತು ಅಂದುಕೊಂಡ ಸಿಸ್ಟಮ್‌ಡಿ, ಅದೇ ಸಿಗ್ರೂಪ್‌ನಲ್ಲಿ (ಆ ಸರ್ವಿಸ್‌ನ ಪ್ರೋಸೆಸ್‌ಗಳ ಗುಂಪು) ಉಳಿದದ್ದನ್ನೆಲ್ಲ ಗುಡಿಸಿ ಹಾಕಿತು. ನಿಮ್ಮ ಪ್ರೋಗ್ರಾಂ ಆ ಗುಡಿಸುವಿಕೆಯಲ್ಲೇ ಹೋಯಿತು. 0 ಎಂದರೆ ಯಶಸ್ಸು, ಫೇಲ್ಯೂರ್ ಅಲ್ಲ. ಹಾಗಾಗಿ ರೀಸ್ಟಾರ್ಟೂ ಇಲ್ಲ, ಲಾಗ್‌ನಲ್ಲಿ ಕೆಂಪು ಸಾಲೂ ಇಲ್ಲ.

ಕೊನೆಯ ಸಾಲಿನ & ತೆಗೆಯಿರಿ, ಅದೇ ಸಾಲಿನ ಮುಂದೆ ‘ಎಕ್ಸೆಕ್’ ಸೇರಿಸಿ. ಆಗ ಶೆಲ್ಲಿನ ಜಾಗದಲ್ಲೇ, ಅದೇ ಪಿಐಡಿಯಲ್ಲಿ (ಪ್ರೋಸೆಸ್ ಸಂಖ್ಯೆ) ನಿಮ್ಮ ಪ್ರೋಗ್ರಾಂ ಕೂರುತ್ತದೆ. ಸ್ಟಾಪ್ ಮಾಡಿದಾಗ ಸಿಗ್ನಲ್ ಕೂಡ ನೇರ ಅದಕ್ಕೇ ಹೋಗುತ್ತದೆ. ‘ಟೈಪ್=ಫೋರ್ಕಿಂಗ್’ ಮಾಡಿ ಎಂದು ಯಾರಾದರೂ ಹೇಳಬಹುದು. ತಾನಾಗಿಯೇ ಹಿನ್ನೆಲೆಗೆ ಸರಿದು ಡೀಮನ್ ಆಗುವ ಹಳೆಯ ಪ್ರೋಗ್ರಾಂಗಳಿಗೆ ಅದು ಸರಿ, ನಿಮಗೆ ಬೇಡದ ತಲೆನೋವು.

ಇನ್ನೂ ಒಳ್ಳೆಯದು ಸ್ಕ್ರಿಪ್ಟನ್ನೇ ಬಿಡುವುದು. ನಿಮ್ಮದು ಡೈರೆಕ್ಟರಿ ಬದಲಿಸಿ ಎರಡು ವೇರಿಯಬಲ್ ಇಡುತ್ತದೆ, ಅಷ್ಟೇ. ಅದಕ್ಕೆ ಸರ್ವಿಸ್ ವಿವರ ಬರೆಯುವ ಯೂನಿಟ್ ಫೈಲ್‌ನಲ್ಲೇ ‘ವರ್ಕಿಂಗ್‌ಡೈರೆಕ್ಟರಿ’, ‘ಎನ್ವಿರಾನ್‌ಮೆಂಟ್’ ಇವೆ. ಆದರೆ ‘ಎಕ್ಸೆಕ್‌ಸ್ಟಾರ್ಟ್’ ಶೆಲ್ ಅಲ್ಲ. ಪೈಪ್, >, ~ ಅಲ್ಲಿ ನಡೆಯುವುದಿಲ್ಲ. ಸ್ಟೇಟಸ್‌ನಲ್ಲಿ 203 ಕಂಡರೆ ಪಾತ್ ತಪ್ಪಿದೆ, ಇಲ್ಲವೇ ಎಕ್ಸಿಕ್ಯೂಟ್ ಪರ್ಮಿಷನ್ ಕೊಟ್ಟಿಲ್ಲ ಎಂದು ಮೊದಲು ಅನುಮಾನಿಸಿ.

ನಿಮ್ಮ ಸ್ಕ್ರಿಪ್ಟಿನಲ್ಲಿರುವ ‘ಸ್ಲೀಪ್ 30’ ನೋಡಿ ನಗು ಬಂತು, ಏಕೆಂದರೆ ನಾನೂ ಅದನ್ನೇ ಬರೆದಿದ್ದೆ. ನೆಟ್‌ವರ್ಕ್ ಬರಲಿ ಎಂದು. ತಿಂಗಳುಗಟ್ಟಲೆ ನಡೆಯಿತು. ಒಂದು ರಾತ್ರಿ ಕರೆಂಟ್ ಹೋಗಿ ಬಂದಾಗ ಸರ್ವರ್ ಬೇಗ ಎದ್ದಿತು, ಸ್ವಿಚ್ ಏಳಲು ತಡಮಾಡಿತು. 30 ಸೆಕೆಂಡ್ ಸಾಲಲಿಲ್ಲ. ಬೆಳಗ್ಗೆವರೆಗೆ ಯಾರಿಗೂ ಗೊತ್ತಾಗಲಿಲ್ಲ. ಆ ಸಾಲು ತೆಗೆದು ‘ನೆಟ್‌ವರ್ಕ್-ಆನ್‌ಲೈನ್.ಟಾರ್ಗೆಟ್’ ಬಳಸಿ, ‘ಆಫ್ಟರ್’ ಮತ್ತು ‘ವಾಂಟ್ಸ್’ ಎರಡರಲ್ಲೂ. ‘ಆಫ್ಟರ್’ ಬರೀ ಸರದಿ ಹೇಳುತ್ತದೆ, ಯಾರನ್ನೂ ಎಬ್ಬಿಸುವುದಿಲ್ಲ, ಎಬ್ಬಿಸುವುದು ‘ವಾಂಟ್ಸ್’. ಜೊತೆಗೆ ‘ರೀಸ್ಟಾರ್ಟ್‌ಸೆಕ್=5’ ಕೊಡಿ. ಕೊಡದಿದ್ದರೆ ಸಿಸ್ಟಮ್‌ಡಿ ಮತ್ತೆ ಎಬ್ಬಿಸುವ ಮುನ್ನ 100 ಮಿಲಿಸೆಕೆಂಡ್ ಮಾತ್ರ ಕಾಯುತ್ತದೆ, 10 ಸೆಕೆಂಡಿನೊಳಗೆ 5 ಸಲ ಎದ್ದು ಬಿದ್ದರೆ ಕೈಚೆಲ್ಲುತ್ತದೆ.

ಫೈಲ್ ತಿದ್ದಿದ ಮೇಲೆ ‘ಸಿಸ್ಟಮ್‌ಸಿಟಿಎಲ್’ ಕಮಾಂಡಿನಲ್ಲಿ ‘ಡೀಮನ್-ರೀಲೋಡ್’, ಆಮೇಲೆ ‘ಎನೇಬಲ್ --ನೌ’. ಬರೀ ‘ಸ್ಟಾರ್ಟ್’ ಈ ಹೊತ್ತಿಗೆ ಮಾತ್ರ. ಬರೀ ‘ಎನೇಬಲ್’ ಮುಂದಿನ ಬೂಟ್‌ಗೆ ಒಂದು ಸಿಮ್‌ಲಿಂಕ್ ಇಡುತ್ತದೆ, ಅಷ್ಟೇ. ಹುಡುಕುವಾಗ 2015ಕ್ಕಿಂತ ಹಿಂದಿನ ಉತ್ತರಗಳ ಬಗ್ಗೆ ಎಚ್ಚರವಿರಲಿ: ಡೆಬಿಯನ್ 8, ಉಬುಂಟು 15.04 ಎರಡೂ ಸಿಸ್ಟಮ್‌ಡಿಗೆ ಬಂದದ್ದು ಆ ವರ್ಷ, ಅದಕ್ಕೂ ಹಳೆಯ ಸಲಹೆಗಳು ಬಹುತೇಕ ಸಿಸ್ಟಮ್‌ಡಿಗೆ ಮುಂಚಿನ ಇನಿಟ್.ಡಿ ಸ್ಕ್ರಿಪ್ಟ್‌ಗಳ ಕಾಲದವು.

ಕೊನೆಗೆ ನಿಜವಾಗಿಯೂ ಒಮ್ಮೆ ರೀಬೂಟ್ ಮಾಡಿ ಸ್ಟೇಟಸ್ ನೋಡಿ. ‘ಮೇನ್ ಪಿಐಡಿ’ ಸಾಲಿನಲ್ಲಿ ಶೆಲ್ಲಿನ ಹೆಸರಲ್ಲ, ನಿಮ್ಮ ಪ್ರೋಗ್ರಾಮಿನ ಹೆಸರೇ ಇರಬೇಕು. ಇಲ್ಲದಿದ್ದರೆ ‘ಜರ್ನಲ್‌ಸಿಟಿಎಲ್ -ಬಿ -ಯು’ ಮುಂದೆ ಸರ್ವಿಸ್ ಹೆಸರು ಕೊಟ್ಟು, ಬಂದದ್ದನ್ನು ಇಲ್ಲಿ ಹಾಕಿ.