ಪಂಚಾಯತಿನ ನೋಟಿಸ್ ಯಾರೂ ಓದುವುದಿಲ್ಲ, ಪೋಸ್ಟರ್ ಮಾಡಿದರೆ ಓದುತ್ತಾರಾ?

ಪ್ರಶ್ನೆ: ನಾನು ಕಾಸರಗೋಡು ಜಿಲ್ಲೆಯ ಒಂದು ಗ್ರಾಮ ಪಂಚಾಯತಿನಲ್ಲಿ ವಾರ್ಡ್ ಮೆಂಬರ್. ಕ್ಷೇಮ ಪಿಂಚಣಿಯ ಮಸ್ಟರಿಂಗ್ (ಪಿಂಚಣಿ ಪಡೆಯುವವರು ಬದುಕಿದ್ದಾರೆ ಎಂದು ಆಧಾರ್ ಮೂಲಕ ಖಚಿತಪಡಿಸುವುದು) ಬಗ್ಗೆ ಬೋರ್ಡಿಗೆ ನೋಟಿಸ್ ಹಚ್ಚಿದ್ದೆವು, ವಾರ್ಡಿನ ವಾಟ್ಸಾಪ್ ಗ್ರೂಪಿಗೂ ಹಾಕಿದ್ದೆವು. ಆದರೂ ಸುಮಾರು ಜನ "ನಮಗೆ ಗೊತ್ತೇ ಆಗಲಿಲ್ಲ" ಎಂದರು. ಇನ್ಫೋಗ್ರಾಫಿಕ್, ಅಂದರೆ ಮಾಹಿತಿಯನ್ನು ಚಿತ್ರ, ಬಣ್ಣಗಳಲ್ಲಿ ತೋರಿಸುವ ಪೋಸ್ಟರ್, ಮಾಡಿಸೋಣ ಅಂತ ಹುಡುಗರು ಹೇಳುತ್ತಾರೆ. ಸರ್ಕಾರಿ ನೋಟಿಸ್ ಸರ್ಕಾರಿ ನೋಟಿಸಿನ ಹಾಗೇ ಇರಬೇಕು ಅನ್ನುತ್ತಾರೆ ಆಫೀಸಿನ ಹಿರಿಯರು. ಇದು ಬರೀ ಬಣ್ಣದ ಆಟವಾ, ಉಪಯೋಗ ಉಂಟಾ? ಕನ್ನಡ, ಮಲಯಾಳ ಎರಡೂ ಬೇಕಲ್ಲ, ಅದಕ್ಕೇನು ಮಾಡುವುದು?

ಉತ್ತರ: ಉಪಯೋಗ ಉಂಟು. ಆದರೆ ಬಣ್ಣದ ವಿಷಯ ಆಮೇಲೆ. ನಿಮ್ಮ ನೋಟಿಸ್ ನಾನು ನೋಡಿಲ್ಲ, ಆದರೂ ಇಂಥವು ಹೇಗಿರುತ್ತವೆ ಅಂತ ಎಲ್ಲರಿಗೂ ಗೊತ್ತು. ಮೊದಲು ಆದೇಶದ ನಂಬರು, ಆಮೇಲೆ ಇಲಾಖೆಯ ಹೆಸರು, ಆಮೇಲೆ "ಮೇಲ್ಕಾಣಿಸಿದ ಆದೇಶದ ಪ್ರಕಾರ" ಅಂತ ಶುರುವಾಗಿ ಐದು ಸಾಲು ನಿಲ್ಲದೆ ಓಡುವ ಒಂದು ವಾಕ್ಯ, ಅದರ ಹೊಟ್ಟೆಯಲ್ಲೆಲ್ಲೋ ಕೊನೇ ತಾರೀಖು. ಇದು ಫೈಲಿಗೆ ಬೇಕಾದ ಕ್ರಮ. ಪಿಂಚಣಿ ಪಡೆಯುವ ಅಜ್ಜಿಗೆ ಬೇಕಾದದ್ದು ಬೇರೆ. ಇದನ್ನೇ ಹಳದಿ ಹಿನ್ನೆಲೆಯಲ್ಲಿ ಹಾಕಿ, ಮೂಲೆಗೊಂದು ನಗುವ ಅಜ್ಜನ ಚಿತ್ರ ಅಂಟಿಸಿದರೆ ಏನೂ ಬದಲಾಗುವುದಿಲ್ಲ.

ಹೀಗೆ ಬರೆದು ನೋಡಿ: "ಕ್ಷೇಮ ಪಿಂಚಣಿ ಬರುತ್ತಿದೆಯಾ? ಈ ತಾರೀಖಿನೊಳಗೆ ಮಸ್ಟರಿಂಗ್ ಮಾಡಿಸಿ. ಎಲ್ಲಿ: ಅಕ್ಷಯ ಕೇಂದ್ರ. ತರಬೇಕಾದ್ದು: ಆಧಾರ್ ಕಾರ್ಡ್. ಹಾಸಿಗೆ ಹಿಡಿದವರಿದ್ದರೆ ಈ ನಂಬರಿಗೆ ತಿಳಿಸಿ, ಮನೆಗೇ ಬರುತ್ತಾರೆ. ಮಾಡಿಸದಿದ್ದರೆ ಪಿಂಚಣಿ ನಿಲ್ಲುತ್ತದೆ." ಆದೇಶದ ನಂಬರು ಕೆಳಗೆ ಸಣ್ಣದಾಗಿ ಇರಲಿ, ಹಿರಿಯರಿಗೂ ಸಮಾಧಾನ. ಇದಕ್ಕೆ ಒಂದು ಚಿತ್ರವೂ ಬೇಡ. ಮಾಹಿತಿ ವಿನ್ಯಾಸದ, ಅಂದರೆ ವಿಷಯ ಬೇಗ ತಿಳಿಯುವ ಹಾಗೆ ಜೋಡಿಸುವುದರ, ಮುಕ್ಕಾಲು ಪಾಲು ಕೆಲಸ ಇಷ್ಟೇ.

ಇದು ನಿನ್ನೆ ಮೊನ್ನೆಯ ಫ್ಯಾಷನ್ ಅಂತ ಹಿರಿಯರು ಅಂದುಕೊಂಡಿದ್ದರೆ ಒಂದು ಮಾತು ನೆನಪಿಸಿ. 1951-52ರ ಮೊದಲ ಮಹಾಚುನಾವಣೆಯಲ್ಲಿ ಓದು ಬಾರದ ಮತದಾರರೇ ಜಾಸ್ತಿ. ಅದಕ್ಕೆ ಪ್ರತಿ ಅಭ್ಯರ್ಥಿಗೂ ಬೇರೆ ಪೆಟ್ಟಿಗೆ, ಅದರ ಮೇಲೆ ಅವರ ಚಿಹ್ನೆ. ಚೀಟಿಯಲ್ಲಿ ಗುರುತು ಹಾಕುವ ಕೆಲಸವೇ ಇರಲಿಲ್ಲ, ಬೇಕಾದ ಪೆಟ್ಟಿಗೆಗೆ ಹಾಕಿದರೆ ಆಯಿತು. ಅದಕ್ಕಿಂತ ಮುಂಚೆ, 1925ರಲ್ಲೇ, ವಿಯೆನ್ನಾದಲ್ಲಿ ಒಟ್ಟೊ ನೊಯ್ರಾಟ್ ಎಂಬ ಸಮಾಜ ವಿಜ್ಞಾನಿ ನಗರದ ಮನೆ, ಆರೋಗ್ಯದ ಲೆಕ್ಕಗಳನ್ನು ಸಾಮಾನ್ಯ ಜನರಿಗೆ ಚಿತ್ರದಲ್ಲಿ ತೋರಿಸುವ ಮ್ಯೂಸಿಯಂ ತೆರೆದಿದ್ದರು. ಸಂಖ್ಯೆ ಜಾಸ್ತಿಯಾದರೆ ಚಿತ್ರ ದೊಡ್ಡದು ಮಾಡಬೇಡಿ, ಅದೇ ಅಳತೆಯ ಚಿತ್ರ ಇನ್ನಷ್ಟು ಇಡಿ ಎಂಬುದು ಅವರ ನಿಯಮ. ಗ್ರಾಮಸಭೆಯಲ್ಲಿ ಖರ್ಚಿನ ಲೆಕ್ಕ ತೋರಿಸುವಾಗ ನಿಮಗೂ ಅದು ಬೇಕಾಗುತ್ತದೆ.

ಈಗ ಯಾಕೆ ಇದರ ಮಾತು ಜಾಸ್ತಿ ಅಂದರೆ, ನೋಟಿಸ್ ಬೋರ್ಡಿನಿಂದ ಇಳಿದು ಫೋನಿಗೆ ಬಂದಿದೆ. ಬೋರ್ಡಿನ ಮುಂದೆ ನಿಂತವರು ಅರ್ಥವಾಗದಿದ್ದರೆ ಒಳಗೆ ಹೋಗಿ ಕೇಳುತ್ತಿದ್ದರು. ಫೋನಿನಲ್ಲಿ ಅದು ಮದುವೆ ಕಾಗದ, ಗುಡ್ ಮಾರ್ನಿಂಗ್ ಹೂವುಗಳ ನಡುವೆ ಅಂಗೈಯಗಲ ಬಂದು ಹೋಗುತ್ತದೆ. ಬ್ರಿಟನ್ ಸರ್ಕಾರ 2012ರಲ್ಲಿ ತನ್ನ ಇಲಾಖೆಗಳ ಬೇರೆ ಬೇರೆ ವೆಬ್‌ಸೈಟುಗಳನ್ನು GOV.UK ಎಂಬ ಒಂದೇ ಕಡೆ ತರಲು ಶುರು ಮಾಡಿತು. ಮರುವರ್ಷ ಅದಕ್ಕೆ ಲಂಡನ್ನಿನ ಡಿಸೈನ್ ಮ್ಯೂಸಿಯಂನ ವರ್ಷದ ಪ್ರಶಸ್ತಿ ಬಂತು. ತೆರೆದು ನೋಡಿದರೆ ಹೆಚ್ಚು ಕಡಿಮೆ ಬರೀ ಅಕ್ಷರ!

ನಮ್ಮಲ್ಲೇ ಒಳ್ಳೆಯ ಉದಾಹರಣೆ 2020ರ ಮಾರ್ಚಿನ ಕೊರೋನಾ ರೂಟ್ ಮ್ಯಾಪ್, ಸೋಂಕು ತಗಲಿದವರು ಯಾವಾಗ ಎಲ್ಲೆಲ್ಲಿಗೆ ಹೋಗಿದ್ದರು ಅಂತ ತೋರಿಸುವ ಚಿತ್ರ. ಚೌಕ, ಬಾಣ, ತಾರೀಖು, ಗಂಟೆ, ಜಾಗ. ನೋಡಲು ಏನೂ ಚಂದ ಇರಲಿಲ್ಲ. ಆದರೆ "ಆ ಹೊತ್ತಿಗೆ ನಾನಲ್ಲಿ ಇದ್ದೆನಾ?" ಎಂಬ ಒಂದೇ ಪ್ರಶ್ನೆಗೆ ಥಟ್ಟನೆ ಉತ್ತರ ಸಿಗುತ್ತಿತ್ತು, ಹಾಗಾಗಿ ಎಲ್ಲರೂ ಓದಿದರು.

ಹವಾಮಾನ ಇಲಾಖೆಯ ಮಳೆಯ ಅಲರ್ಟ್ ಅರ್ಧ ಗೆದ್ದಿದೆ ಅಂತ ನನ್ನ ಲೆಕ್ಕ. 24 ಗಂಟೆಯಲ್ಲಿ 64.5ರಿಂದ 115.5 ಮಿಲಿಮೀಟರ್ ನಿರೀಕ್ಷೆ ಇದ್ದರೆ ಯೆಲ್ಲೋ, 204.4ರವರೆಗೆ ಆರೆಂಜ್, ಅದಕ್ಕೂ ಮೇಲೆ ರೆಡ್. ಈ ಅಂಕಿ ಯಾರಿಗೂ ನೆನಪಿಲ್ಲ, ಬಣ್ಣ ಮಾತ್ರ ಮಕ್ಕಳಿಗೂ ಗೊತ್ತು. ಕಲೆಕ್ಟರ್ ರಜೆ ಕೊಡುತ್ತಾರಾ ಅಂತ ಕಾಯುವವರು ಅವರೇ ತಾನೆ! ತೊಂದರೆ ಏನೆಂದರೆ ಇಡೀ ಜಿಲ್ಲೆಗೆ ಒಂದೇ ಬಣ್ಣ. ಮಂಜೇಶ್ವರದ ಕಡಲ ಬದಿಯವರು, ವೆಳ್ಳರಿಕುಂಡಿನ ಗುಡ್ಡದ ಬುಡದವರು, ಅಡಿಕೆಗೆ ಮದ್ದು ಬಿಡಲು ಕಾಯುವವರು, ಎಲ್ಲರಿಗೂ ಅದೇ ಆರೆಂಜ್. ಯಾರು ಏನು ಮಾಡಬೇಕು ಅಂತ ಅದರ ಕೆಳಗೆ ಒಂದೊಂದು ಸಾಲು ಸೇರಿಸುವುದು ಪಂಚಾಯತಿನ ಕೈಯಲ್ಲಿದೆ. ಬಣ್ಣದ ಹೆಸರನ್ನೂ ಅಕ್ಷರದಲ್ಲಿ ಬರೆಯಿರಿ. ಜೆರಾಕ್ಸ್ ತೆಗೆದ ಮೇಲೆ ಕೆಂಪು, ಹಸಿರು ಎಲ್ಲವೂ ಬೂದು ಬಣ್ಣವೇ.

ಇನ್ನು ಭಾಷೆ. 1969ರ ಕೇರಳದ ಅಧಿಕೃತ ಭಾಷಾ ಕಾಯ್ದೆಯಲ್ಲೇ ಕನ್ನಡ, ತಮಿಳು ಅಲ್ಪಸಂಖ್ಯಾತರು ಸರ್ಕಾರದ ಜೊತೆ ತಮ್ಮ ಭಾಷೆಯಲ್ಲಿ ವ್ಯವಹರಿಸಲು ಅವಕಾಶ ಇದೆ. ಹಾಗಾಗಿ ಕನ್ನಡ ಯಾರೂ ಮಾಡುವ ಉಪಕಾರ ಅಲ್ಲ. ಆದರೂ ಒಂದೇ ಪೋಸ್ಟರಿನಲ್ಲಿ ಎರಡನ್ನೂ ತುರುಕಬೇಡಿ. ಎರಡೂ ಸಣ್ಣದಾಗುತ್ತವೆ, ಜಾಗ ಸಾಲದೆ ಹೋದಾಗ ಕುಗ್ಗುವುದು ಸಾಮಾನ್ಯವಾಗಿ ಕನ್ನಡವೇ. ಎರಡು ಹಾಳೆ ಮಾಡಿ, ಕ್ರಮ ಒಂದೇ ಇರಲಿ. ಕನ್ನಡಕ್ಕೆ ಒತ್ತಕ್ಷರ ಕೆಳಗೆ ಇಳಿಯುವುದರಿಂದ ಸಾಲುಗಳ ನಡುವೆ ಜಾಸ್ತಿ ಜಾಗ ಬಿಡಿ. ಡಿಟಿಪಿ ಅಂಗಡಿಯಿಂದ ಬಂದ ಮೇಲೆ ಕನ್ನಡ ಗೊತ್ತಿದ್ದವರು ಒಮ್ಮೆ ಓದಲೇಬೇಕು. ಫಾಂಟ್ ಬದಲಾದರೆ ಒತ್ತು ಕಳಚಿ ಪಕ್ಕಕ್ಕೆ ಬಿದ್ದಿರುತ್ತದೆ. ತುಳು, ಬ್ಯಾರಿ, ಕೊಂಕಣಿ ಮಾತಾಡುವ, ಓದು ಕಷ್ಟವಾಗುವ ಹಿರಿಯರಿಗೆ ನೀವೇ ಅರ್ಧ ನಿಮಿಷದ ವಾಯ್ಸ್ ಮೆಸೇಜ್ ಹಾಕಿ.

ಹಾಂ, ಫೋಟೋಗಳು. ಮುಖಗಳು ಪೋಸ್ಟರಿನ ಅರ್ಧ ಜಾಗ ತಿಂದರೆ ತಾರೀಖಿಗೆ ಜಾಗ ಎಲ್ಲಿ? ನಿಮ್ಮ ಫೋಟೋವನ್ನೂ ಸೇರಿಸಿಯೇ ಹೇಳುತ್ತಿದ್ದೇನೆ, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಇದಕ್ಕೆ ಡಿಸೈನರಿಗೆ ದುಡ್ಡು ಕೊಡಬೇಕಾ? (ಅವರೇ ಕೇಳಿದ ಇನ್ನೊಂದು)

ಉತ್ತರ: ಸದ್ಯಕ್ಕೆ ಬೇಡ, ಫೋನಿನ ಯಾವುದಾದರೂ ಆ್ಯಪ್ ಸಾಕು. ಹಂಚುವ ಮೊದಲು ಕುಟುಂಬಶ್ರೀ (ಹೆಂಗಸರ ಸ್ವಸಹಾಯ ಗುಂಪು) ಕೂಟದಲ್ಲಿ ನಾಲ್ಕೈದು ಜನರ ಕೈಗೆ ಕೊಡಿ, ಅರ್ಧ ನಿಮಿಷ ಬಿಟ್ಟು ವಾಪಸ್ ತಗೊಳ್ಳಿ. ಎಲ್ಲಿಗೆ ಹೋಗಬೇಕು, ಯಾವಾಗ, ಏನು ತರಬೇಕು ಅಂತ ಕೇಳಿ. ಇಬ್ಬರು ತಡವರಿಸಿದರೂ ತಪ್ಪು ಕಾಗದದ್ದು, ತಿದ್ದಿ. ವಾಟ್ಸಾಪಿಗೆ ಚಿತ್ರ ಹಾಕಿದಾಗ ಅದೇ ವಿಷಯವನ್ನು ಕೆಳಗೆ ಟೈಪ್ ಕೂಡ ಮಾಡಿ. ಕಣ್ಣು ಕಾಣದವರ ಫೋನ್ ಅದನ್ನು ಓದಿ ಹೇಳುತ್ತದೆ, ಉಳಿದವರಿಗೆ ನಂಬರು ಒತ್ತಿದರೆ ಕರೆ ಹೋಗುತ್ತದೆ.