ಬೇಸಿಗೆ ರಜೆಯಲ್ಲಿ ಮಕ್ಕಳ ಜೊತೆ ಓದೋಕೆ ಮನೆಯವರನ್ನೆಲ್ಲ ಕೂರಿಸೋದು ಹೇಗೆ?

ಮಗನಿಗೆ ಎಂಟು, ಮಗಳಿಗೆ ನಾಲ್ಕು, ಮನೆಯಲ್ಲಿ ದೊಡ್ಡವರು ಯಾರೂ ಪುಸ್ತಕ ಮುಟ್ಟುವವರಲ್ಲ, ದಿನಕ್ಕೆ ಇಷ್ಟು ಪುಟ ಅಂತ ಟೈಮ್‌ಟೇಬಲ್ ಹಾಕಿದರೆ ಆಗುತ್ತಾ ಅಂತ ಕೇಳಿದ್ದೀರಿ. ನಾನು ಅದನ್ನೇ ಮಾಡಿ ಕೈ ಸುಟ್ಟುಕೊಂಡವಳು. ಹಾಗಾಗಿ ಮೊದಲು ಆ ಕಥೆ ಹೇಳುತ್ತೇನೆ.

ಆಗ ನನ್ನ ಮಗನಿಗೂ ಎಂಟೇ. ರಜೆ ಶುರುವಾದ ದಿನವೇ ಗೋಡೆಗೆ ಚಾರ್ಟ್ ಅಂಟಿಸಿದೆ. ದಿನಕ್ಕೆ ಹತ್ತು ಪುಟ, ಓದಿದರೆ ಒಂದು ಸ್ಟಾರ್, ಇಪ್ಪತ್ತು ಸ್ಟಾರ್ ಆದರೆ ಬಹುಮಾನ. ಮೊದಲ ವಾರ ಭರ್ಜರಿ. ಎರಡನೇ ವಾರ ಒಂದು ವಿಷಯ ಕಣ್ಣಿಗೆ ಬಿತ್ತು. ಪುಸ್ತಕ ತೆಗೆದ ಕೂಡಲೇ ಹತ್ತನೇ ಪುಟ ಎಲ್ಲಿದೆ ಅಂತ ಹುಡುಕಿ, ಅಲ್ಲೊಂದು ಬೆರಳು ಸಿಕ್ಕಿಸಿಕೊಂಡೇ ಓದಲು ಕೂರುತ್ತಿದ್ದ. ಚಿತ್ರದ ಪುಟ ಬಂದರೆ ಖುಷಿಯೋ ಖುಷಿ. ಚಿತ್ರ ಚೆನ್ನಾಗಿದೆ ಅಂತಲ್ಲ, ಅಕ್ಷರ ಕಡಿಮೆ ಅಂತ. ಒಂದು ದಿನ ಕಥೆಯ ಹುಡುಗ ಬಾವಿಗೆ ಇಳಿಯುತ್ತಿದ್ದ, ಹಗ್ಗ ಸವೆದಿತ್ತು, ಹತ್ತನೇ ಪುಟ ಅಲ್ಲಿಗೆ ಮುಗಿಯಿತು. ನಮ್ಮವನು ಟಪ್ ಅಂತ ಪುಸ್ತಕ ಮುಚ್ಚಿ, "ಆಯ್ತು, ಸ್ಟಾರ್ ಕೊಡು" ಅಂದ. ಆ ಹುಡುಗ ಪಾಪ ಬಾವಿಯಲ್ಲೇ ನೇತಾಡುತ್ತಾ ಉಳಿದ.

ಅವತ್ತು ಚಾರ್ಟ್ ಕಿತ್ತೆ. ರಾತ್ರಿ ನಾನೇ ಹನ್ನೊಂದನೇ ಪುಟದಿಂದ ಜೋರಾಗಿ ಓದಿದೆ. ಹಗ್ಗ ಕಡಿಯುವ ಹೊತ್ತಿಗೆ "ನಿದ್ದೆ ಬರ್ತಿದೆ, ಉಳಿದದ್ದು ನಾಳೆ" ಅಂತ ಲೈಟ್ ಆರಿಸಿದೆ. ಬೆಳಿಗ್ಗೆ ಎದ್ದು ಇಡೀ ಪುಸ್ತಕ ಅವನೇ ಓದಿ ಮುಗಿಸಿದ್ದ ಅಂತ ಬರೆಯೋಕೆ ಆಸೆ, ಆದರೆ ಹಾಗೇನೂ ಆಗಲಿಲ್ಲ. ಕೊನೇ ಪುಟ ಕದ್ದು ನೋಡಿದ್ದ, ಅಷ್ಟೇ. ನನಗೆ ಅಷ್ಟು ಸಾಕಿತ್ತು.

ಎಂಟು ವರ್ಷದವನಿಗೆ ಓದೋಕೆ ಬರುತ್ತಲ್ಲ, ನಾವ್ಯಾಕೆ ಓದಿ ಹೇಳಬೇಕು ಅಂತ ನಿಮ್ಮ ಮನೆಯಲ್ಲಿ ಯಾರಾದರೂ ಖಂಡಿತ ಕೇಳುತ್ತಾರೆ. ಈ ವಯಸ್ಸಿನ ಮಕ್ಕಳಿಗೆ ತಾವೇ ಓದಿ ಅರ್ಥ ಮಾಡಿಕೊಳ್ಳೋದಕ್ಕಿಂತ ಕೇಳಿ ಅರ್ಥ ಮಾಡಿಕೊಳ್ಳೋದು ಸುಲಭ. ಕಣ್ಣು ಕಿವಿಯ ಸಮಕ್ಕೆ ಬರಲು ಇನ್ನೂ ಕೆಲವು ವರ್ಷ ಬೇಕು. ಅವನೇ ಓದಿದರೆ ಸುಲಭದ ಪುಸ್ತಕ ಮಾತ್ರ ಸಾಧ್ಯ. ನೀವು ಓದಿದರೆ ಅದಕ್ಕಿಂತ ದೊಡ್ಡ ಕಥೆಯೂ ಅವನಿಗೆ ಸಿಗುತ್ತದೆ. ಮಾತಾಡೋದರಿಂದಲೇ ಪದ ಕಲಿಯುತ್ತಾರಲ್ಲ ಅನ್ನುವವರೂ ಇದ್ದಾರೆ. ಹೇಯ್ಸ್ ಮತ್ತು ಅಹ್ರೆನ್ಸ್ ಎಂಬ ಇಬ್ಬರು ಸಂಶೋಧಕರು 1988ರಲ್ಲಿ ಇಂಗ್ಲಿಷಿನಲ್ಲಿ ಇದನ್ನು ಲೆಕ್ಕ ಹಾಕಿದರು. ಕಾಲೇಜು ಓದಿದ ದೊಡ್ಡವರು ತಮ್ಮತಮ್ಮಲ್ಲಿ ಮಾತಾಡುವಾಗ ಸಾವಿರ ಪದಕ್ಕೆ ಸುಮಾರು 17 ಅಪರೂಪದ ಪದ ಬಂದರೆ, ಮಕ್ಕಳ ಪುಸ್ತಕದಲ್ಲಿ ಸುಮಾರು 31. ನಾವು ಮನೆಯಲ್ಲಿ ಮಾತಾಡೋದೂ ಅಷ್ಟೇ ಅಲ್ವಾ? ಬಾ, ತಿನ್ನು, ಸ್ನಾನ ಮಾಡು, ಚಪ್ಪಲಿ ಎಲ್ಲಿ.

ಈಗ ಮನೆಯವರ ವಿಷಯ. "ನಾಳೆಯಿಂದ ಎಲ್ಲರೂ ಓದಬೇಕು" ಅಂತ ಸಭೆ ಕರೆದರೆ ಯಾರೂ ಬರಲ್ಲ. ಒಬ್ಬೊಬ್ಬರಿಗೆ ಒಂದೊಂದು ಸಣ್ಣ ಕೆಲಸ ಹಚ್ಚಿ. ನನ್ನ ಗಂಡ ಕಥೆ ಅಂದರೆ ದೂರ ಓಡುವ ಜಾತಿ. ಆದರೆ ಪೇಪರಿನ ಆಟದ ಪುಟ ಬಿಡಲ್ಲ. ಅದನ್ನೇ ಮಗನಿಗೆ ಜೋರಾಗಿ ಓದಿ ಅಂದೆ. ಇಬ್ಬರೂ ವಾದ ಮಾಡಿಕೊಂಡು ಓದಿದರು. ಅದೂ ಓದೇ. ನಮ್ಮತ್ತೆಗೆ ಸಣ್ಣ ಅಕ್ಷರ ಕಾಣುವುದಿಲ್ಲ. ಅವರು ಚಿತ್ರ ನೋಡಿ ತಾವೇ ಕಥೆ ಕಟ್ಟಿದರು. ಪುಸ್ತಕದಲ್ಲಿ ಇದ್ದದ್ದಕ್ಕಿಂತ ಅದೇ ಚೆನ್ನಾಗಿತ್ತು ಅಂತ ನನ್ನ ಅನುಮಾನ. ಸಮಯ ಮಾತ್ರ ಹೊಸದಾಗಿ ಹುಡುಕಬೇಡಿ, ದಿನವೂ ಹೇಗಿದ್ದರೂ ಆಗುವ ಕೆಲಸಕ್ಕೆ ಗಂಟು ಹಾಕಿ. ನಮ್ಮದು ಹಾಸಿಗೆ ಹಾಸಿದ ಮೇಲೆ, ಲೈಟ್ ಆರಿಸುವ ಮುಂಚೆ. ಹತ್ತು ನಿಮಿಷ ಸಾಕು.

ನಿಮ್ಮ ಮಗಳು ಒಂದೇ ಪುಸ್ತಕ ಮೂವತ್ತು ಸಲ ಓದಿಸುತ್ತಾಳೆ, ತಯಾರಾಗಿರಿ. ಬೇಜಾರಾದರೂ ಓದಿ. ನಾನೊಮ್ಮೆ ಸುಸ್ತಾಗಿ ಎರಡು ಪುಟ ಒಟ್ಟಿಗೆ ಮಗುಚಿದೆ. ನನ್ನ ಚಿಕ್ಕವಳಿಗೆ ಆಗ ಒಂದಕ್ಷರ ಬಾರದು. ಪುಟದ ಮೇಲೆ ಅಂಗೈ ಇಟ್ಟು ತಡೆದಳು. "ಇನ್ನೂ ಕರಡಿ ಬಂದಿಲ್ಲ ಅಮ್ಮ." ಇಡೀ ಕಥೆ ಅವಳ ತಲೆಯಲ್ಲಿ ಅಚ್ಚಾಗಿತ್ತು. ಯಾವ ಪುಟಕ್ಕೆ ಯಾವ ಮಾತು ಅಂತ ಗೊತ್ತಿರುವ ಮಗು ಒಂದು ದಿನ ಆ ಮಾತು ಯಾವ ಅಕ್ಷರದಲ್ಲಿದೆ ಅಂತ ಹುಡುಕೋಕೆ ಶುರು ಮಾಡುತ್ತೆ.

ಓದುವಾಗ ಮಧ್ಯೆ ಮಾತಾಡಿಸಿ, ಆದರೆ ಪರೀಕ್ಷೆ ಬೇಡ. "ಕಥೆಯ ನೀತಿ ಏನು?" ಅಂದಿರೋ, ಮುಗಿಯಿತು. "ಈ ಇಲಿ ಯಾಕೆ ಬಾಗಿಲ ಹಿಂದೆ ನಿಂತಿದೆ?" ಅಂತ ಕೇಳಿ. ಮಗು "ಹೆದರಿಕೆ" ಅಂದರೆ, "ಹೌದು, ಬೆಕ್ಕಿನ ಹೆದರಿಕೆ, ಅದಕ್ಕೇ ಉಸಿರು ಬಿಗಿ ಹಿಡಿದಿದೆ" ಅಂತ ನೀವು ಒಂದೆರಡು ಮಾತು ಸೇರಿಸಿ. ವೈಟ್‌ಹರ್ಸ್ಟ್ ಮತ್ತು ಜೊತೆಗಾರರು 1988ರಲ್ಲಿ ಎರಡು ವರ್ಷದ ಆಸುಪಾಸಿನ ಮಕ್ಕಳ ಅಪ್ಪ-ಅಮ್ಮಂದಿರಿಗೆ ಹೀಗೆ ಓದೋದು ಕಲಿಸಿದರು. ಸುಮಾರು ಒಂದು ತಿಂಗಳಲ್ಲೇ ಆ ಮಕ್ಕಳು ಮಾತಿನಲ್ಲಿ ಉಳಿದವರಿಗಿಂತ ಕೆಲವು ತಿಂಗಳು ಮುಂದಿದ್ದರು. ಆ ಉಳಿದ ಮಕ್ಕಳಿಗೂ ಮನೆಯಲ್ಲಿ ಪುಸ್ತಕ ಓದಿ ಹೇಳುತ್ತಿದ್ದರು ಅನ್ನೋದನ್ನ ಗಮನಿಸಿ.

ಪುಸ್ತಕ ಆರಿಸೋದು ಮಕ್ಕಳ ಕೆಲಸ. ಇಲ್ಲಿ ನಾವು ದೊಡ್ಡವರು ಬಾಯಿ ಮುಚ್ಚಿಕೊಳ್ಳಬೇಕು. ಅಮೆರಿಕದ ಫ್ಲೋರಿಡಾದಲ್ಲಿ ಆಲಿಂಗ್ಟನ್, ಮೆಕ್‌ಗಿಲ್-ಫ್ರಾನ್ಜನ್ ಮತ್ತಿತರರು ಬಡ ಕುಟುಂಬದ ಮಕ್ಕಳಿಗೆ ಮೂರು ವರ್ಷ, ಪ್ರತಿ ಬೇಸಿಗೆಗೆ ಹನ್ನೆರಡು ಪುಸ್ತಕ ಕೊಟ್ಟರು. ಆಯ್ಕೆ ಮಕ್ಕಳದೇ. ಟೀವಿಯವರ, ಹಾಡುಗಾರರ ಬಗ್ಗೆ ಇದ್ದ ಪುಸ್ತಕಗಳಿಗೆ ನೂಕುನುಗ್ಗಲು. ಆದರೂ ಅವರ ಓದು ಪುಸ್ತಕ ಸಿಗದ ಮಕ್ಕಳಿಗಿಂತ ಸುಧಾರಿಸಿತ್ತು, ತೀರಾ ಬಡ ಮಕ್ಕಳಲ್ಲಿ ಇನ್ನೂ ಜಾಸ್ತಿ. ಇದು 2010ರಲ್ಲಿ ಪ್ರಕಟವಾಯಿತು. ರಜೆಯಲ್ಲಿ ಓದದಿದ್ದರೆ ಮಕ್ಕಳು ಎಷ್ಟು ಹಿಂದೆ ಬೀಳುತ್ತಾರೆ ಅನ್ನೋದರ ಬಗ್ಗೆ ಮಾತ್ರ ಸಂಶೋಧಕರಲ್ಲೇ ಜಗಳ ಇದೆ. ಆ ಹೆದರಿಕೆ ಇಟ್ಟುಕೊಂಡು ಓದಿಸಬೇಡಿ.

ಪುಸ್ತಕಕ್ಕೆ ದುಡ್ಡು ಸುರಿಯಬೇಕಿಲ್ಲ. ಲೈಬ್ರರಿಗೆ ಕರೆದುಕೊಂಡು ಹೋಗಿ, ಸುಮ್ನೆ ಬಿಟ್ಟುಬಿಡಿ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ತಾಣದಲ್ಲಿ ಮಕ್ಕಳ ಚಿತ್ರಪುಸ್ತಕಗಳು ಉಚಿತ, ಕನ್ನಡದಲ್ಲೂ ಇವೆ. ಮೊಬೈಲಿನಲ್ಲೇ ಆಗುತ್ತೆ, ಮಗುವಿನ ಕೈಗೆ ಕೊಟ್ಟು ಎದ್ದು ಹೋಗದಿದ್ದರೆ.

ಇನ್ನೊಂದು ಮಾತು. ಮೊದಲ ರಾತ್ರಿ ಮಗ "ನಾನು ಬರಲ್ಲ" ಅಂದರೆ ಕರೆಯಲೇಬೇಡಿ. ಮಗಳನ್ನು ಪಕ್ಕ ಕೂರಿಸಿಕೊಂಡು ಅವಳಿಗೆ ಓದಿ, ಅವನಿಗೂ ಕೇಳಿಸುವ ಹಾಗೆ. ಬಾಗಿಲು ಮಾತ್ರ ಮುಚ್ಚಬೇಡಿ.