ಕಲಿತ ದಿನವೇ ನಿದ್ದೆಗೆಟ್ಟರೆ

ಪತ್ರದ ಸಾರ: ಚಿಕ್ಕಮಗಳೂರಿನ ಓದುಗರೊಬ್ಬರು ಈ ಸೀಸನ್‌ನಲ್ಲಿ ಕಾಫಿ ಕ್ಯೂರಿಂಗ್‌ನಲ್ಲಿ (ಕಾಫಿ ಬೀಜ ಹದಮಾಡುವ ಕಾರ್ಖಾನೆ) ಕಾಳು ಆರಿಸುವ ಕೆಲಸಕ್ಕೆ ಸೇರಿದ್ದಾರೆ. ಕಪ್ಪು ಕಾಳು, ಒಡಕು ಕಾಳು, ಹುಳು ಕೊರೆದ ಕಾಳು ಬೇರೆ ಮಾಡಬೇಕು. ಬೆಳಿಗ್ಗೆ ಅಷ್ಟಿಷ್ಟು ಗೊತ್ತಾಗುತ್ತಿದ್ದದ್ದು ಮಧ್ಯಾಹ್ನ ದಾಟಿದರೆ ಎಲ್ಲ ಒಂದೇ ಥರ ಕಾಣುತ್ತಿತ್ತಂತೆ. ‘ಸಂಜೆ ಇನ್ನೊಂದು ಗಂಟೆ ಕೂತು ಕಲಿ’ ಎಂದರಂತೆ ಸೂಪರ್‌ವೈಸರ್. ಆದರೆ ಮಲಗೆದ್ದು ಬಂದ ಮರುದಿನ ಕೈ ತಾನಾಗಿ ಕೆಟ್ಟ ಕಾಳಿನ ಮೇಲೆ ಹೋಗುತ್ತಿತ್ತು. ‘ಕಣ್ಣಿಗೆ ರೆಸ್ಟ್ ಸಿಕ್ಕಿದೆ, ಅಷ್ಟೇ’ ಎನ್ನುತ್ತಾರೆ ಮನೆಯ ಯಜಮಾನರು. ಕಣ್ಣು ಮುಚ್ಚಿದರೂ ಕಾಳೇ ಕಾಣುತ್ತವೆ ಎನ್ನುತ್ತಾರೆ ಹಿಂದೆ ಇದೇ ಕೆಲಸ ಮಾಡಿದ್ದ ಅತ್ತೆ. ಪಿಯುಸಿಯಲ್ಲಿ ಜೀವಶಾಸ್ತ್ರ ಓದುವ ಮಗಳು ಚಿತ್ರದ ಭಾಗಗಳ ಹೆಸರು ಬಾಯಿಪಾಠ ಮಾಡುತ್ತಾ ರಾತ್ರಿಯಿಡೀ ಎದ್ದು ಕೂರುತ್ತಾಳೆ. ನಿದ್ದೆಯಲ್ಲಿ ಏನಾದರೂ ಇದೆಯೇ ಎಂಬುದು ಪ್ರಶ್ನೆ.

ಸೋದರಿ,

ಇದೆ. ಆದರೆ ನಿಮ್ಮ ಯಜಮಾನರ ಮಾತು ಹಗುರವಾದದ್ದಲ್ಲ. ವಿಜ್ಞಾನಿಗಳೂ ಮೊದಲು ಆ ಅನುಮಾನವನ್ನೇ ಬಗೆಹರಿಸಿಕೊಳ್ಳಬೇಕಾಯಿತು. ದಣಿವು ಆರಿದ್ದರಿಂದ ಚೆನ್ನಾಗಿ ಕಂಡಿತೋ, ಕಣ್ಣು ನಿಜವಾಗಿ ಕಲಿತಿತೋ?

ಅವರು ಬಳಸಿದ ಪರೀಕ್ಷೆ ನಿಮ್ಮ ಕೆಲಸಕ್ಕೆ ಹತ್ತಿರದ್ದೇ. ಪರದೆಯ ತುಂಬ ಒಂದೇ ದಿಕ್ಕಿನ ಸಣ್ಣ ಗೆರೆಗಳು. ಒಂದು ಮೂಲೆಯಲ್ಲಿ ಮಾತ್ರ ಮೂರು ಗೆರೆ ಓರೆಯಾಗಿರುತ್ತವೆ. ಕ್ಷಣಮಾತ್ರ ತೋರಿಸಿ ಅಳಿಸುತ್ತಾರೆ. ಆ ಮೂರು ಅಡ್ಡಸಾಲಿನಲ್ಲಿದ್ದವೋ ಉದ್ದಸಾಲಿನಲ್ಲಿದ್ದವೋ ಹೇಳಬೇಕು. ಪಳಗಿದಂತೆ ಇನ್ನೂ ಕಡಿಮೆ ಹೊತ್ತು ತೋರಿಸಿದರೂ ಸಾಕಾಗುತ್ತದೆ. ಇಸ್ರೇಲಿನ ಕಾರ್ನಿ ಮತ್ತು ಸಾಗಿ 1991ರಲ್ಲಿ ಕಂಡುಕೊಂಡದ್ದು ವಿಚಿತ್ರ: ಒಂದು ಕಣ್ಣಿಗೆ ಕಲಿಸಿದ್ದು ಇನ್ನೊಂದಕ್ಕೆ ಬರುವುದಿಲ್ಲ, ಒಂದು ಮೂಲೆಯಲ್ಲಿ ಕಲಿತದ್ದು ಇನ್ನೊಂದು ಮೂಲೆಯಲ್ಲಿ ಕೆಲಸಕ್ಕೆ ಬರುವುದಿಲ್ಲ. ಅಂದರೆ ಈ ಕಲಿಕೆ ಬುದ್ಧಿವಂತಿಕೆಯ ಮಾತಲ್ಲ. ಕಣ್ಣು ಕಂಡದ್ದು ಮೊದಲು ಹೋಗಿ ಮುಟ್ಟುವ, ತಲೆಯ ಹಿಂಭಾಗದಲ್ಲಿರುವ ಮಿದುಳಿನ ಭಾಗದಲ್ಲೇ ಅದು ನಡೆಯುತ್ತದೆ.

2000ರಲ್ಲಿ ಹಾರ್ವರ್ಡ್‌ನ ಸ್ಟಿಕ್‌ಗೋಲ್ಡ್ ತಂಡ ಮಾಡಿದ ಪ್ರಯೋಗ ನಿಮ್ಮ ಮನೆಯ ವಾದಕ್ಕೆ ನೇರ ಉತ್ತರ. ಕಲಿಸಿದ ದಿನವೇ ಸಂಜೆ ಪರೀಕ್ಷಿಸಿದರೆ ಸುಧಾರಣೆ ಇಲ್ಲ. ರಾತ್ರಿ ಮಲಗಿ ಬಂದವರಲ್ಲಿ ಇತ್ತು. ಇಷ್ಟಕ್ಕೇ ನಿಲ್ಲಿಸಿದ್ದರೆ ಯಜಮಾನರು ಗೆದ್ದಂತೆಯೇ. ಆದರೆ ಕೆಲವರನ್ನು ಕಲಿತ ದಿನದ ರಾತ್ರಿ ಮಲಗಲು ಬಿಡಲಿಲ್ಲ. ಆಮೇಲೆ ಎರಡು ರಾತ್ರಿ ಬೇಕಾದಷ್ಟು ನಿದ್ದೆ ಮಾಡಿಸಿ ಪರೀಕ್ಷಿಸಿದರು. ದಣಿವೆಲ್ಲ ಹೋಗಿತ್ತು, ಸುಧಾರಣೆ ಮಾತ್ರ ಬಂದಿರಲಿಲ್ಲ. ಬರೀ ವಿಶ್ರಾಂತಿಯ ಲೆಕ್ಕವಾಗಿದ್ದರೆ ಎರಡು ರಾತ್ರಿಯಲ್ಲಿ ಸರಿಹೋಗಬೇಕಿತ್ತಲ್ಲ?

ಇನ್ನು ಸೂಪರ್‌ವೈಸರ್ ಹೇಳಿದ ಹೆಚ್ಚುವರಿ ಗಂಟೆ. ಇದೇ ಪರೀಕ್ಷೆಯನ್ನು ಒಂದೇ ದಿನದಲ್ಲಿ ಮತ್ತೆ ಮತ್ತೆ ಮಾಡಿಸಿದರೆ ಫಲಿತಾಂಶ ಕೆಡುತ್ತಾ ಹೋಗುತ್ತದೆ ಎಂದು ಸಾರಾ ಮೆಡ್ನಿಕ್ ಮತ್ತು ಸಂಗಡಿಗರು 2002ರಲ್ಲಿ ತೋರಿಸಿದರು. ದುಡ್ಡಿನ ಆಸೆ ತೋರಿಸಿದರೂ ಸುಧಾರಿಸಲಿಲ್ಲ. ಆದರೆ ಗೆರೆಗಳನ್ನು ಪರದೆಯ ಬೇರೆ ಮೂಲೆಗೆ ಸರಿಸಿದ ಕೂಡಲೇ ಅದೇ ‘ಸುಸ್ತಾದ’ ಮನುಷ್ಯ ಮತ್ತೆ ಚೆನ್ನಾಗಿ ನೋಡತೊಡಗಿದ! ಸುಸ್ತಾದದ್ದು ಮನುಷ್ಯನಲ್ಲ, ಆ ಮೂಲೆಯನ್ನು ನೋಡಿ ನೋಡಿ ಸೋತ ನರಕೋಶಗಳ ಗುಂಪು. ಹಾಗಾಗಿ ಮಧ್ಯಾಹ್ನ ನಿಮಗೆ ಕಾಳುಗಳೆಲ್ಲ ಒಂದೇ ಥರ ಕಂಡದ್ದನ್ನು ಸೋಮಾರಿತನ ಎಂದು ಯಾರೂ ಅನ್ನಬೇಕಿಲ್ಲ. ಸಂಜೆಯ ಆ ಗಂಟೆಯಿಂದ ಕ್ಯೂರಿಂಗ್‌ಗೆ ಒಂದಿಷ್ಟು ಕಾಳು ಆರಿಸಿದ ಲಾಭ ಇರಬಹುದು, ನಿಮ್ಮ ಕಣ್ಣಿಗೆ ಪಾಠ ಆದೀತೆಂದು ನನಗನ್ನಿಸುವುದಿಲ್ಲ.

ಅದೇ ಪ್ರಯೋಗದಲ್ಲಿ ಅರ್ಧ ಗಂಟೆಯ ಹಗಲುನಿದ್ದೆ ಕೆಡುವುದನ್ನು ತಡೆಯಿತು, ಒಂದು ಗಂಟೆಯದು ಕೆಟ್ಟದ್ದನ್ನು ಸರಿಪಡಿಸಿತು. ಮರುವರ್ಷ ಗೊತ್ತಾದದ್ದು: ಗಾಢ ನಿದ್ದೆ, ಕನಸು ಹೆಚ್ಚಾಗಿ ಬೀಳುವ ರೆಮ್ ನಿದ್ದೆ, ಎರಡೂ ಸೇರಿದ 60ರಿಂದ 90 ನಿಮಿಷದ ನಿದ್ದೆಯಾದರೆ ಒಂದು ರಾತ್ರಿಯಷ್ಟೇ ಫಲ. ಊಟದ ಬಿಡುವಿನಲ್ಲಿ ಅಷ್ಟು ಹೊತ್ತು ಯಾರು ಬಿಡುತ್ತಾರೆ, ಹೇಳಿ.

ಆ ಎರಡು ಬಗೆಯ ನಿದ್ದೆಯ ಬಗ್ಗೆ ಒಂದು ಮಾತು. ಗಾಢ ನಿದ್ದೆ ರಾತ್ರಿಯ ಮೊದಲ ಭಾಗದಲ್ಲಿ ಹೆಚ್ಚು, ರೆಮ್ ಬೆಳಗಿನ ಜಾವದ ಕಡೆಗೆ ಹೆಚ್ಚು. ಬ್ರೌನ್ ವಿಶ್ವವಿದ್ಯಾಲಯದ ತಮಾಕಿ, ಸಸಾಕಿ ತಂಡ 2020ರಲ್ಲಿ ಹೇಳಿದ್ದು: ರೆಮ್ ಅಲ್ಲದ ನಿದ್ದೆ ಕಲಿಕೆಯನ್ನು ಹೆಚ್ಚಿಸುತ್ತದೆ, ರೆಮ್ ಅದನ್ನು ಗಟ್ಟಿಮಾಡಿ ಮುಂದಿನ ಪಾಠ ಬಂದು ಅಳಿಸದಂತೆ ಕಾಯುತ್ತದೆ. ಸ್ಟಿಕ್‌ಗೋಲ್ಡ್ ಪ್ರಯೋಗದಲ್ಲಿ ಆರು ಗಂಟೆಗಿಂತ ಕಡಿಮೆ ಮಲಗಿದವರಿಗೆ ಪ್ರಯೋಜನ ಆಗದಿದ್ದುದಕ್ಕೆ ಇದೇ ಕಾರಣವಿರಬಹುದು. ನಸುಕಿಗೇ ಎದ್ದು ಅಡುಗೆ ಮುಗಿಸಿ ಬಸ್ಸು ಹಿಡಿಯುವ ಹೆಂಗಸರು ಕಳೆದುಕೊಳ್ಳುವುದು ಸರಿಯಾಗಿ ಆ ಜಾವದ ನಿದ್ದೆಯನ್ನೇ.

ಅತ್ತೆಯವರ ಮಾತೂ ಉತ್ಪ್ರೇಕ್ಷೆಯಲ್ಲ. ಟೆಟ್ರಿಸ್ ಎಂಬ ಕಂಪ್ಯೂಟರ್ ಆಟ ಆಡಿಸಿ ಮಲಗಿಸಿದವರಿಗೆ ಜೊಂಪು ಹತ್ತುವಾಗ ಆ ಇಟ್ಟಿಗೆಗಳು ಬೀಳುವುದು ಕಾಣುತ್ತಿತ್ತು. ಆಟ ಆಡಿದ್ದೇ ನೆನಪಿಲ್ಲದ ಮರೆವಿನ ರೋಗಿಗಳಲ್ಲೂ ಕೆಲವರಿಗೆ ಕಂಡಿತು.

ಇವೆಲ್ಲ ಪ್ರಯೋಗಾಲಯದ ಪರದೆಯ ಮೇಲಿನ ಗೆರೆಗಳು, ಕಾಫಿ ಬೀಜವಲ್ಲ ಎಂಬುದನ್ನು ಮರೆಯಬೇಡಿ. ಹಗಲು ಕಾಳನ್ನು ಗಮನವಿಟ್ಟು ನೋಡದೆ ರಾತ್ರಿ ಎಷ್ಟು ಮಲಗಿದರೂ ಏನೂ ಬರುವುದಿಲ್ಲ.

ಮಗಳ ವಿಷಯ ಸ್ವಲ್ಪ ಬೇರೆ. ಚಿತ್ರದ ಭಾಗಗಳ ಹೆಸರು ಬಾಯಿಪಾಠ ಮಾಡುವುದು ಇನ್ನೊಂದು ಬಗೆಯ ನೆನಪು. ಅದಕ್ಕೂ ನಿದ್ದೆ ಬೇಕು, ಆದರೆ ಮೇಲಿನ ಪ್ರಯೋಗಗಳು ಅದರ ಬಗ್ಗೆ ಅಲ್ಲ. ಈರುಳ್ಳಿ ಬೇರಿನ ಸ್ಲೈಡ್ ನೋಡಿ ಕೋಶವಿಭಜನೆಯ ಹಂತ ಗುರುತಿಸುವುದು ಮಾತ್ರ ನಿಮ್ಮ ಕಾಳು ಆರಿಸುವ ಕೆಲಸದ ಜಾತಿಗೇ ಸೇರಿದ್ದು. ಲ್ಯಾಬ್‌ನಲ್ಲಿ ಸ್ಲೈಡ್ ನೋಡಿದ ದಿನ ಹತ್ತು ಗಂಟೆಗೆ ಪುಸ್ತಕ ಮುಚ್ಚಿಸಿ. ಭಾನುವಾರ ಮಲಗಿ ಸರಿದೂಗಿಸುತ್ತೇನೆ ಎಂದರೆ, ಎರಡು ರಾತ್ರಿ ಮಲಗಿದರೂ ಸುಧಾರಿಸದವರ ಕತೆ ಮೇಲೆ ಇದೆ, ಓದಲು ಕೊಡಿ.

— ಸಂ.